ಮದುಮಗಳ ಕೊಡಕ್ಕೆ ಬಿದ್ದ ಚಪ್ಪಾಳೆ

ಕಳೆದ ಭಾನುವಾರ ನನ್ನ ಅಣ್ಣನ ಹೊಸ ಸೊಸೆಗೆ ಭರ್ಜರಿ ಚಪ್ಪಾಳೆ ಬಿತ್ತು. ಅವಳು ಹಾಡಲಿಲ್ಲ, ಕುಣಿಯಲಿಲ್ಲ. ನೀರಿನ ಕೊಡ ಹೊತ್ತು ನಡೆದಳು, ಅಷ್ಟೆ.

ಟೀ ತೋಟಗಳ ಬೆಟ್ಟದಲ್ಲಿ, ಇತ್ತಲಾರ್ ಊರಿನ ಪಕ್ಕದ ನಮ್ಮ ಹಟ್ಟಿಯ ಕೆಳಗೆ ಒಂದು ರೆಸಾರ್ಟ್ ಎದ್ದಿದೆ. (ಹೆಸರು ಬರೆಯುವುದಿಲ್ಲ. ಪುಕ್ಕಟೆ ಜಾಹೀರಾತು ಯಾಕೆ?) ಅಲ್ಲಿ ‘ಹಳೆಯ ಸೈನ್ಸ್ ಫಿಕ್ಷನ್ ಸಿನಿಮಾಗಳಲ್ಲಿ ಪರಿಸರ’ ಅಂತ ಒಂದು ಫೆಸ್ಟಿವಲ್. ಭಾಷಣಕ್ಕೆ ನನ್ನನ್ನು ಕರೆದಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ನೋಡಿದವನು ನಾನೇ ಮೊದಲು. ಬೆಳಿಗ್ಗೆ ಟೀ ಎಲೆ ಕಿತ್ತ ಕೈಯಲ್ಲೇ ಪರೀಕ್ಷೆ ಬರೆದವನು. ಕರೆದರೆ ಬಿಡುತ್ತೇನೆಯೇ? ಅದೇ ದಿನ ಮನೆಯಲ್ಲಿ ಮದುವೆ ಬೇರೆ. ಮದುಮಗಳು ಬರುವಷ್ಟರಲ್ಲಿ ಮಾತು ಮುಗಿಸಿ ಓಡಿಬರೋಣ ಅಂದುಕೊಂಡೆ.

ಆ ಸಿನಿಮಾಗಳು ನನಗೆ ನಿಜಕ್ಕೂ ಇಷ್ಟ. ಹೊಗೆ ತುಂಬಿದ ಊರು, ಮರವಿಲ್ಲದ ಭೂಮಿ, ಗಾಜಿನೊಳಗೆ ಹಾಯಾಗಿರುವ ಕೆಲವರು, ಹೊರಗೆ ಬಾಯಾರಿ ನಿಂತ ಉಳಿದವರು. ಎಲ್ಲವನ್ನೂ ಎಷ್ಟು ಮುಂಚೆಯೇ ತೋರಿಸಿಬಿಟ್ಟವು. ನನ್ನ ತಕರಾರು ಒಂದೇ. ಅವುಗಳಲ್ಲಿ ಭೂಮಿ ಹಾಳುಮಾಡುವವನು ಹುಚ್ಚು ವಿಜ್ಞಾನಿ, ಇಲ್ಲವೇ ಕೆಟ್ಟುಹೋದ ಯಂತ್ರ. ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು ‘ವೆಲ್‌ಕಮ್ ಸರ್’ ಅನ್ನುವ ಮ್ಯಾನೇಜರ್ ಅಲ್ಲವೇ ಅಲ್ಲ.

ಅವತ್ತು ದೊಡ್ಡ ಟೆಂಟಿನಲ್ಲಿ ತೋರಿಸಿದ್ದು ಕಪ್ಪು ಬಿಳುಪು ಚಿತ್ರ. ಭೂಮಿಯ ಕೊನೆಯ ಒರತೆಯನ್ನು ಗಾಜಿನ ಕೋಣೆಯಲ್ಲಿಟ್ಟಿದ್ದಾರೆ. ಜನ ಸಾಲಿನಲ್ಲಿ ಬಂದು ನೋಡುತ್ತಾರೆ, ಅಳುತ್ತಾರೆ. ಟೆಂಟಿನೊಳಗೆ ಲೊಚಗುಟ್ಟುವ ಸದ್ದು. ನನ್ನ ಪಕ್ಕದ ಮೇಡಂ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಗೇಟಿನ ಹತ್ತಿರ ಗಲಾಟೆ. ಹೋಗಿ ನೋಡಿದರೆ ನಮ್ಮ ಹಟ್ಟಿಯ ಹೆಂಗಸರು. ನಡುವೆ ಮದುಮಗಳು, ಕೈಯಲ್ಲಿ ಖಾಲಿ ಕೊಡ.

ನಮ್ಮಲ್ಲಿ ಹೊಸ ಸೊಸೆ ಗಂಡನ ಹಟ್ಟಿಯ ಒರತೆಗೆ ಹೋಗಿ ನೀರು ತುಂಬಿ ತರಬೇಕು. ಆಮೇಲೆಯೇ ಅವಳು ಆ ಮನೆಯವಳು. ನಮ್ಮ ಒರತೆಯ ದಾರಿಯ ಮೇಲೆಯೇ ಇವರು ಟೆಂಟ್ ಹೊಡೆದಿದ್ದಾರೆ, ಸುತ್ತ ಹೊಸ ತಂತಿ ಬೇಲಿ. ಒರತೆ ಈಗ ಅತಿಥಿಗಳ ‘ನೇಚರ್ ವಾಕ್’ಗಂತೆ.

“ಟ್ಯಾಗ್ ಇರೋರಿಗೆ ಮಾತ್ರ ಒಳಗೆ” ಅಂದ ಗಾರ್ಡ್.

ನನ್ನ ಮಣಿಕಟ್ಟಿನಲ್ಲಿ ಟ್ಯಾಗ್ ಇತ್ತು. ಮದುಮಗಳ ಅತ್ತೆ, ಅಂದರೆ ನನ್ನ ಅತ್ತಿಗೆ, ಅದನ್ನೇ ನೋಡಿದಳು. “ಏನ ತಮ್ಮಾ, ನೀ ಆ ಕಡೆಯವನಾ, ನಂಗ ಕಡೆಯವನಾ?” (ಹಟ್ಟಿಯ ಮಾತಿನಲ್ಲಿ ‘ನಂಗ’ ಅಂದರೆ ನಮ್ಮ.)

ಮ್ಯಾನೇಜರ್ ಓಡಿಬಂದ. “ಸರ್, ಶೋ ನಡೀತಿದೆ. ನೀರು ತಾನೆ? ಒಂದು ಕ್ಯಾನ್ ಕಳಿಸ್ತೀನಿ. ಪ್ಯೂರ್ ಆರ್‌ಓ ವಾಟರ್.”

“ನಿನ್ನ ಹೆಂಡ್ತಿ ಕ್ಯಾನ್ ಹೊತ್ಕೊಂಡು ಬಂದಳಾ ನಿನ್ನ ಮನೆಗೆ?” ಅಂದಳು ಅತ್ತಿಗೆ. ಹೆಂಗಸರೆಲ್ಲ ನಕ್ಕರು. ಅತ್ತಿಗೆ ನಗಲಿಲ್ಲ. “ಇದು ನಂಗ ನೀರು. ನಂಗಗೆ ದಾರಿ ಇಲ್ಲೆಯಾ?”

ಉತ್ತರಕ್ಕೆ ಕಾಯದೆ ಸೊಸೆಯ ಕೈ ಹಿಡಿದು ಗಾರ್ಡ್‌ನನ್ನು ದಾಟಿ ಟೆಂಟಿನೊಳಗೆ ನುಗ್ಗಿದಳು. ನಾನು ಟ್ಯಾಗ್ ಕಿತ್ತೆಸೆದು ಹಿಂದೆ ನಡೆದೆ.

ನೀರು ತುಂಬಿಸಿಕೊಂಡು ಅದೇ ದಾರಿಯಲ್ಲಿ ವಾಪಸ್ ಬಂದರು. ಪರದೆಯ ಮೇಲೆ ಗಾಜಿನೊಳಗಿನ ನೀರು, ಅದರ ಮುಂದೆ ತುಂಬಿದ ಕೊಡ ಹೊತ್ತ ನಮ್ಮ ಹುಡುಗಿ. ಟೆಂಟಿಗೆ ಟೆಂಟೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಲೈವ್ ಪ್ರೋಗ್ರಾಂ ಅಂತ ತಿಳಿದಿದ್ದರು! ಒಬ್ಬ ಫೋನ್ ಹಿಡಿದು, “ಒನ್ ಮಿನಿಟ್, ಸ್ವಲ್ಪ ಸ್ಮೈಲ್” ಅಂದ. ಹುಡುಗಿ ತಲೆ ಎತ್ತಲಿಲ್ಲ. ಕೊಡ ತುಳುಕಿ ನೀರು ಅವಳ ಮದುವೆಯ ಬಿಳಿ ಬಟ್ಟೆಯ ಮೇಲೆ ಚೆಲ್ಲಿತು.

ನಾನು ಮೈಕ್ ಕಸಿದುಕೊಂಡೆ. “ಇದು ಪ್ರೋಗ್ರಾಂ ಅಲ್ಲ. ಇದು ನಮ್ಮ ದಾರಿ. ನಿಮ್ಮ ಟೆಂಟ್ ಕೀಳಿ, ಬೇಲಿ ಕೀಳಿ.”

ಅದಕ್ಕೂ ಚಪ್ಪಾಳೆ ತಟ್ಟಿದರು.

ಮರುದಿನ ಮ್ಯಾನೇಜರ್ ಫೋನ್. “ಸರ್, ಅದೇ ಹೈಲೈಟ್ ಆಯ್ತು. ಮುಂದಿನ ಬ್ಯಾಚ್‌ಗೂ ಅವರನ್ನ ಅದೇ ಡ್ರೆಸ್‌ನಲ್ಲಿ ಕರ್ಕೊಂಡು ಬರ್ತೀರಾ?” (ನನ್ನ ಉತ್ತರವನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ.)

ಈಗ ಟೆಂಟ್ ಹೋಗಿದೆ. ಬೇಲಿ ಹೋಗಿಲ್ಲ, ಗೇಟಿಗೆ ಬೀಗ ಬಿದ್ದಿದೆ. ನಿನ್ನೆ ಅಡುಗೆಗೆ ನೀರು ತರಲು ಹೋದ ಸೊಸೆ ಬರಿಗೊಡ ಹಿಡಿದು ವಾಪಸ್ ಬಂದಳು.

ಪರದೆಯ ಮೇಲಿನ ನೀರಿಗೆ ಅತ್ತವರಲ್ಲಿ ಎಷ್ಟು ಜನ ಈ ಬೀಗ ತೆಗೆಸಲು ಬರುತ್ತೀರಿ?