ನಾಲ್ಕನೆಯ ಸಾಲಿನ ಸೀಟು

ಮಗಳ ಪಿಯುಸಿ ಮುಗಿದು, ಸಿಇಟಿ ರ‍್ಯಾಂಕೂ ಬಂದ ಮೇಲೆ ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಕೆಲಸ. ಯಾವ ಕೋರ್ಸು, ಯಾವ ಕಾಲೇಜು ಬೇಕು ಅಂತ ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ತುಂಬುವುದು. ಅದಕ್ಕೆ ಆಪ್ಷನ್ ಎಂಟ್ರಿ ಅಂತಾರೆ. ನಾವಿರುವುದು ಹೊಸನಗರ ಪೇಟೆಯಲ್ಲಿ. ಮನೆಯವರು ಸಾಗರಕ್ಕೂ ತೀರ್ಥಹಳ್ಳಿಗೂ ಓಡುವ ಬಸ್ಸಿನಲ್ಲಿ ಕಂಡಕ್ಟರು. ಮಗಳು ಆ ಬಸ್ಸಿನಲ್ಲೇ ಓಡಾಡಿಕೊಂಡು ಸಾಗರದಲ್ಲಿ ಓದಿದವಳು. ಹಾಗಾಗಿ ಅಲ್ಲಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಹೆಂಗಸು ನಡೆಸುವ ಸೈಬರ್ ಅಂಗಡಿಗೇ ಹೋದೆವು. ಕನ್ನಡ ಮಾಧ್ಯಮದ ಸರ್ಟಿಫಿಕೇಟು, ಜಾತಿ-ಆದಾಯದ್ದು, ಅಂಕಪಟ್ಟಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ, ಅದರ ಮೇಲೊಂದು ಟವೆಲು ಸುತ್ತಿ ಒಯ್ದಿದ್ದೆ. ಅವತ್ತು ಯಾರೂ ಅದನ್ನು ಬಿಚ್ಚಲು ಹೇಳಲೇ ಇಲ್ಲ.

"ಮೊದಲನೇದು ಯಾವ್ದು ಹಾಕ್ಲಿ?" ಅಂದರು ಅಂಗಡಿಯ ಅಕ್ಕ.

ಮಗಳು ನನ್ನ ಮುಖ ನೋಡಿದಳು. "ಶಿವಮೊಗ್ಗದ ಫಾರ್ಮಸೀನೇ ಇರ್ಲಿ."

"ಆಮೇಲೆ?"

ಆಮೇಲೆ ಹತ್ತಿರದ ಇನ್ನೆರಡು ಕಾಲೇಜು. ನಾಲ್ಕನೆಯದಾಗಿ, ಸ್ವರ ಸ್ವಲ್ಪ ತಗ್ಗಿಸಿ, "ಮೈಸೂರಿನ ಸರ್ಕಾರಿ ಕಾಲೇಜು, ನರ್ಸಿಂಗು" ಅಂದಳು.

ಅಕ್ಕ ಟೈಪ್ ಮಾಡಿದರು. ಎಷ್ಟು ತಿಳಿವಳಿಕೆ ನನ್ನ ಮಗಳಿಗೆ ಅಂತ ನಾನು ಒಳಗೊಳಗೇ ಹಿಗ್ಗಿದೆ. ಮೈಸೂರಿನ ಮಾತು ಬಂದಾಗಲೆಲ್ಲ ನಮ್ಮ ಮನೆಯವರು "ದೂರ ಆಯ್ತಲ್ಲ ಮಾರಾಯ್ತಿ" ಅನ್ನುತ್ತಿದ್ದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹತ್ತಿರದ್ದನ್ನೇ ಮೇಲೆ ಬರೆಸಿದಳು ಅಂದುಕೊಂಡೆ.

ನಿಜವಾದ ಸೀಟು ಕೊಡುವ ಮೊದಲು ಒಂದು ಅಣಕು ಹಂಚಿಕೆ ಮಾಡುತ್ತಾರೆ. ಈಗಿನ ಪಟ್ಟಿಯ ಪ್ರಕಾರ ನಿಮಗೆ ಇಂಥದ್ದು ಸಿಗಬಹುದು ಅಂತ ತೋರಿಸಿ, ಬೇಕಿದ್ದರೆ ಪಟ್ಟಿ ಬದಲಾಯಿಸಿಕೊಳ್ಳಲು ಎರಡು ದಿನ ಬಿಡುತ್ತಾರೆ. ಅದರಲ್ಲಿ ಮಗಳಿಗೆ ಶಿವಮೊಗ್ಗದ ಫಾರ್ಮಸಿ ಬಂತು. ಇವರಿಗೆ ಖುಷಿಯೋ ಖುಷಿ. ಸಂಜೆಯೊಳಗೆ ತೀರ್ಥಹಳ್ಳಿವರೆಗಿನ ಪ್ಯಾಸೆಂಜರಿಗೆಲ್ಲ ಸುದ್ದಿ ಹೇಳಿಯಾಗಿತ್ತು.

ಮರುದಿನ ಬೆಳಿಗ್ಗೆ ತೆಳ್ಳೇವು, ಅಂದರೆ ತೆಳು ದೋಸೆ, ಎರೆದಿದ್ದೆ. ಎರಡು ತಿಂದವಳೇ ಮಗಳು "ಸಾಕು" ಅಂದಳು. ಹೆಂಚಿನ ಮೇಲಿನದನ್ನೇ ಕಿತ್ತುಕೊಳ್ಳುವ ಹುಡುಗಿ, ನಮ್ಮನೆಯಲ್ಲಿ ಯಾವತ್ತೂ ಸಾಕು ಅಂದವಳಲ್ಲ. ಒಲೆ ಆರಿಸಿ ಹತ್ತಿರ ಕೂತೆ.

"ಎಂತ ಆಯ್ತೇ?"

"ಎಂತ ಇಲ್ಲ."

"ಫಾರ್ಮಸಿ ಬೇಡ್ವಾ?"

ಅವಳು ತಟ್ಟೆಯ ಅಂಚು ಉಜ್ಜುತ್ತ ಹೇಳಿದಳು: "ನಂಗೆ ನಾಲ್ಕನೇದು ಬೇಕಿತ್ತು ಅಮ್ಮ."

"ಮತ್ತೆ ನಾಲ್ಕನೇದ್ರಲ್ಲಿ ಯಾಕೆ ಬರೆಸ್ದೆ?"

"ಮೊದ್ಲಿಗೇ ಬಾಯ್ಬಿಟ್ಟು ಕೇಳಿಬಿಡೋದಾ? ರ‍್ಯಾಂಕ್ ನೋಡಿ ಅವ್ರೇ ಕೊಡ್ತಾರೆ ಅಂದ್ಕೊಂಡೆ."

ಇದನ್ನು ಕಲಿಸಿದವಳು ನಾನೇ. ಚಿಕ್ಕವಳಿದ್ದಾಗ ಯಾರ ಮನೆಗೆ ಊಟಕ್ಕೆ ಹೋದರೂ ಹೊಸಿಲು ದಾಟುವ ಮೊದಲು ಹೇಳುತ್ತಿದ್ದೆ: ಬಡಿಸಲು ಬಂದರೆ ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲ ಒತ್ತಾಯ ಮಾಡಿದರೆ ಹಾಕಿಸಿಕೊಳ್ಳಬೇಕು. ಹೋಳಿಗೆಯ ಮೇಲೆ ಪ್ರಾಣ ಇದ್ದರೂ ಅವಳು ಹಾಗೇ ಮಾಡುತ್ತಿದ್ದಳು, ಬಂದವರೆಲ್ಲ ಹೊಗಳುತ್ತಿದ್ದರು. ನನ್ನನ್ನೂ ಹೊಗಳುತ್ತಿದ್ದರು.

ನರ್ಸಿಂಗಿನ ಆಸೆ ಎಲ್ಲಿಂದ ಹುಟ್ಟಿತು ಅಂತಲೂ ನನಗೆ ಗೊತ್ತಿತ್ತು. ಅತ್ತೆಯ ಕಾಲಿನ ಸಕ್ಕರೆ ಕಾಯಿಲೆಯ ಗಾಯಕ್ಕೆ ಎರಡು ತಿಂಗಳು ಡ್ರೆಸ್ಸಿಂಗ್ ಮಾಡಿದ್ದು ಅವಳೇ. ಆಸ್ಪತ್ರೆಯ ಸಿಸ್ಟರು ನಾಲ್ಕು ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿಕೊಟ್ಟಿದ್ದರು. ನಾನು ಗಾಯ ನೋಡಲಾರದೆ ಹೊರಗೆ ಬರುತ್ತಿದ್ದೆ. ಅವಳು ಅಜ್ಜಿಗೆ ಊರ ಸುದ್ದಿ ಹೇಳುತ್ತ ಹೇಳುತ್ತ ಪಟ್ಟಿ ಸುತ್ತಿ ಮುಗಿಸಿರುತ್ತಿದ್ದಳು. ಇಷ್ಟೆಲ್ಲ ಗೊತ್ತಿದ್ದೂ ಆ ನಾಲ್ಕನೆಯ ಸಾಲನ್ನು ನೋಡಿ ಸುಮ್ಮನಿದ್ದೆನಲ್ಲ!

"ಏಳು, ಸೀರೆ ಉಟ್ಟು ಬಂದೆ" ಅಂದೆ. ಪಟ್ಟಿ ಬದಲಾಯಿಸಲು ಅವತ್ತೇ ಕೊನೇ ದಿನ.

ಹತ್ತಿದ್ದು ಇವರ ಬಸ್ಸನ್ನೇ. ನಮ್ಮನ್ನು ಕಂಡು ಇವರಿಗೆ ಆಶ್ಚರ್ಯ. ವಿಷಯ ಹೇಳಿದೆ.

"ಸಿಕ್ಕಿದ್ದನ್ನ ಯಾರಾದ್ರೂ ಬಿಡ್ತಾರನೇ?" ಅಂದವರು ಟಿಕೆಟ್ ಕೊಡಲು ಹಿಂದೆ ಹೋಗಿಬಿಟ್ಟರು. ಮುಂದಿನ ಸೀಟಿನ ಅಜ್ಜಿ ತಿರುಗಿ, "ಶಿವಮೊಗ್ಗ ಅಂದ್ರೆ ನಮ್ಮ ಅಂಗಳ ಇದ್ದಂಗೆ. ಅದಕ್ಕಿಂತ ಇನ್ನೆಂತ ಬೇಕು ಹುಡುಗಿ?" ಅಂತ ಕೇಳಿದರು. ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಬಟ್ಟೆಮಲ್ಲಪ್ಪ ದಾಟಿದ ಮೇಲೆ ಇವರು ಬಂದು ಕಂಬ ಹಿಡಿದು ನಿಂತರು.

"ನಂಗೆ ಯಾಕೆ ಹೇಳ್ಲಿಲ್ಲ ನೀನು?"

"ನೀವು ದೂರ ಅಂದ್ರಲ್ಲ ಅಪ್ಪ."

"ದೂರ ಅಂದೆ. ಬೇಡ ಅಂದ್ನಾ?"

ಇವರು ನನ್ನ ಕಡೆ ತಿರುಗಿದರು. "ಮೊದ್ಲು ಆ ಅಂಗಡಿಯವ್ರನ್ನ ಸರಿಯಾಗಿ ಕೇಳಿ. ಎರಡೂ ಕೈತಪ್ಪೋ ಹಾಗಿದ್ರೆ ಮುಟ್ಟಬೇಡಿ" ಅಂತ ನನಗೆ ಹೇಳಿ ಸೀಟಿ ಊದಿದರು.

ಅಂಗಡಿಯ ಅಕ್ಕ ಕಥೆ ಕೇಳಿ ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ್ತಿ, ಕಂಪ್ಯೂಟ್ರಿಗೆ ಉಪಚಾರ ಗೊತ್ತುಂಟಾ? ಮೇಲಿಂದ ನೋಡ್ತಾ ಬರುತ್ತೆ, ನಿನ್ ರ‍್ಯಾಂಕಿಗೆ ಮೊದ್ಲು ಯಾವ್ದು ಸಿಗುತ್ತೋ ಅದನ್ನ ಕೊಟ್ಟು ಬಾಗಿಲು ಹಾಕುತ್ತೆ. ಕೆಳಗೆ ಬಂಗಾರ ಇದ್ರೂ ನೋಡಲ್ಲ."

"ಮೈಸೂರನ್ನ ಮೇಲೆ ಹಾಕಿ, ಅದು ಸಿಗದೇ ಹೋದ್ರೆ?" ಅಂದೆ.

"ಸಿಗದಿದ್ರೆ ಎರಡನೇದು ನೋಡುತ್ತೆ. ಕೇಳಿದ್ದಕ್ಕೆ ಸಿಟ್ಟು ಮಾಡ್ಕೊಳಲ್ಲ ಅದು."

ನನಗೆ ನಗು ಬಂತು. ಅಕ್ಕ ಕುರ್ಚಿ ಬಿಟ್ಟು ಎದ್ದು, "ನಾ ಮುಟ್ಟಲ್ಲ. ನೀನೇ ಕೂತ್ಕೊ" ಅಂತ ಮಗಳ ಕೈಗೆ ಮೌಸು ಕೊಟ್ಟರು. ಅವಳು ಅಭ್ಯಾಸಬಲದಿಂದ ನನ್ನ ಮುಖ ನೋಡಿದಳು. ಬೇಕಂತಲೇ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದೆ. ಏಕಾದಶಿ ಯಾವತ್ತು ಅಂತ ಹುಡುಕುತ್ತಿರುವಾಗ ಹಿಂದಿನಿಂದ ಕೇಳಿಸಿತು: "ಮೊದಲನೇದು ಮೈಸೂರು, ನರ್ಸಿಂಗು. ಎರಡನೇದು ಶಿವಮೊಗ್ಗ." ಈ ಸಲ ಸ್ವರ ತಗ್ಗಿರಲಿಲ್ಲ. ಜೆರಾಕ್ಸಿಗೆ ಬಂದಿದ್ದವರೊಬ್ಬರು ತಿರುಗಿ ನೋಡಿದರು.

ಮುಂದಿನ ಒಂದು ವಾರ ಅವಳು ಫೋನನ್ನು ಕೈಯಿಂದ ಇಳಿಸಲಿಲ್ಲ. ನಾನು ಎರಡು ಸಲ ಸಾರಿಗೆ ಉಪ್ಪು ಹಾಕುವುದನ್ನು ಮರೆತೆ, ಯಾರೂ ಬೈಯಲಿಲ್ಲ. ನಿಜವಾದ ಹಂಚಿಕೆಯ ದಿನ ಮಧ್ಯಾಹ್ನ ಅವಳು ಹಿತ್ತಲಿಗೆ ಓಡಿ ಬಂದಳು. ಬಟ್ಟೆ ಒಣಗಿಸುತ್ತಿದ್ದ ನನ್ನ ಮುಖದ ಮುಂದೆ ಫೋನು ಹಿಡಿದಳು. ಕನ್ನಡಕ ಇರಲಿಲ್ಲ, ನನಗೇನೂ ಕಾಣಲಿಲ್ಲ. ಅವಳ ಮುಖ ಕಂಡಿತು, ಸಾಕಾಯಿತು.

ಇವರಿಗೆ ಫೋನು ಮಾಡಿದಾಗ ಬಸ್ಸಿನ ಗದ್ದಲ. "ಮೈಸೂರು ಬಂತು" ಅಂತ ಮೂರು ಸಲ ಕೂಗಿದೆ. ಆ ಕಡೆಯಿಂದ "ಯಾವತ್ತು ಹೋಗ್ಬೇಕು? ರಜೆ ಬರೆದುಕೊಡ್ತೀನಿ" ಅಂದರು.

ಹೊರಟ ದಿನ ಇವರು ಖಾಕಿ ಬಿಟ್ಟು ಬಿಳೀ ಅಂಗಿ ಹಾಕಿಕೊಂಡು ಪ್ಯಾಸೆಂಜರ್ ಆಗಿ ನಮ್ಮ ಹಿಂದಿನ ಸೀಟಿನಲ್ಲಿ ಕೂತರು. ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಧಾನ ಆದ ಕೂಡಲೇ ಅರ್ಧ ಎದ್ದು ಬಾಗಿಲ ಕಡೆ ಬಗ್ಗಿ, ಇಳಿಯುವವರು ಇಳಿದರಾ ಅಂತ ನೋಡುತ್ತಿದ್ದರು. ಆ ಬಸ್ಸಿನ ಕಂಡಕ್ಟರು ಒಂದೆರಡು ಸಲ ಇವರನ್ನು ಕೆಕ್ಕರಿಸಿ ನೋಡಿದ.

"ಅಪ್ಪ, ಕೂತ್ಕೊಳ್ಳಿ" ಅಂದಳು ಮಗಳು, ನಗು ತಡೆಯಲಾರದೆ. "ಇನ್ನೂ ತುಂಬಾ ದೂರ ಇದೆ."