ಖಾಕಿ ಒಳಗಿನ ಸ್ವೆಟರ್

ನಂಬ್ದೆ ಇರಿ ನೋಡೋಣ! ಚಾಮರಾಜಪೇಟೆಲಿ, ಡಿಸೆಂಬರ್ ಚಳೀಲಿ, ಇನ್ನೂ ಬೆಳಕು ಹರಿಯೋಕೆ ಮುಂಚೆ, ಬರೀ ಒಂದು ಖಾಕಿ ಶರ್ಟಲ್ಲಿ ಗ್ಯಾರೇಜ್ ಶಟರ್ ಎತ್ತುತಿದ್ದ ಗಂಡು ನಾನೊಬ್ನೇ. ಇಡೀ ಬೀದಿ ನಂಬಿತ್ತು. ನೀವ್ಯಾವ ಲೆಕ್ಕ?

ತೊಂಬತ್ತರ ದಶಕದ ಮಾತು. ಆಗಿನ ಚಳಿ ಈಗಿನ ಹಾಗಲ್ಲ. ರಾತ್ರಿಯೆಲ್ಲ ಮನೆ ಮುಂದೆ ನಿಂತು ತಣ್ಣಗಾದ ಸ್ಕೂಟರ್‌ಗಳು ಬೆಳಗ್ಗೆ ಸ್ಟಾರ್ಟೇ ಆಗ್ತಿರ್ಲಿಲ್ಲ. ವಾಲಿಸಿ, ಒದ್ದು, ಬೈದು, ಕೊನೆಗೆ ನನ್ನ ಹತ್ರ ತಳ್ಕೊಂಡು ಬರೋರು. ಆಫೀಸ್ ಟೈಮಿಗೆ ಮುಂಚೆ ರೆಡಿ ಆಗ್ಬೇಕಲ್ಲ, ಅದಕ್ಕೇ ಅಷ್ಟು ಬೇಗ ಬಾಗ್ಲು ತೆಗೀತಿದ್ದೆ. ಕಲ್ಲು ಹಾಸಿದ ನೆಲ ಕಾಲು ಕೊರೆಯೋದು. ಸ್ಪ್ಯಾನರ್ ಮುಟ್ಟಿದ್ರೆ ಬೆರಳು ಜುಮ್ ಅನ್ನೋದು. ಪಕ್ಕದಂಗಡಿ ವೆಲ್ಡರ್ ಮಂಕಿ ಕ್ಯಾಪು, ಮಫ್ಲರು ಎಲ್ಲ ಸುತ್ಕೊಂಡು ಬಂದು, ಯಾವ್ದಾದ್ರೂ ಸ್ಕೂಟರ್ ಸ್ಟಾರ್ಟ್ ಆದ್ರೆ ಸೈಲೆನ್ಸರ್ ಹತ್ರ ಕೈ ಹಿಡ್ಕೊಂಡು ಕೂರೋನು.

"ಏನ್ ಗುರು, ಬಾಣಂತಿ ಥರ ಕೂತಿದೀಯ? ಸಾಂಬ್ರಾಣಿ ಹಾಕ್ಲಾ?" ಅಂತಿದ್ದೆ.

"ನಿನ್ ಮೈಯಲ್ಲಿ ರಕ್ತ ಇದ್ಯೋ, ಪೆಟ್ರೋಲ್ ಇದ್ಯೋ!"

ನಾನು ಎದೆ ಉಬ್ಬಿಸೋನು. ಜಾಸ್ತಿ ಉಬ್ಬಿಸೋ ಹಾಗಿರ್ಲಿಲ್ಲ, ಗುಂಡಿ ಕಿತ್ತು ಬರೋದು. ಯಾಕಂದ್ರೆ ಖಾಕಿ ಒಳಗೆ ನನ್ನ ಹೆಂಡತಿಯ ಮೆರೂನ್ ಸ್ವೆಟರ್ ಇತ್ತು. ಅವಳಿಗೆ ಇದ್ದಿದ್ದೇ ಅದೊಂದು. ನಾನು ಕೆಮ್ಮೋದು ಕೇಳಿ ಅವಳೇ ಕೊಟ್ಟಿದ್ದು. "ಒಳಗೆ ಹಾಕ್ಕೊಳ್ರೀ, ಯಾರಿಗೂ ಕಾಣಲ್ಲ. ನಾನು ಮನೇಲೇ ಇರ್ತೀನಲ್ಲ" ಅಂದಿದ್ಲು. ಆಗ ಕಡ್ಡಿ ಥರ ಇದ್ದೆ, ಮೈಗೆ ಸರಿಯಾಗಿ ಕೂರ್ತಿತ್ತು.

ಮನೇಲೇ ಇರ್ತೀನಿ ಅಂದೋಳು ಧನುರ್ಮಾಸ ಬಂದ್ಮೇಲೆ ಇರ್ತಾಳಾ? ಸೂರ್ಯ ಹುಟ್ಟೋಕೆ ಮುಂಚೆ ತಲೆಗೆ ಸ್ನಾನ ಮಾಡಿ, ಒದ್ದೆ ಕೂದ್ಲು ಗಂಟು ಹಾಕ್ಕೊಂಡು ದೇವಸ್ಥಾನಕ್ಕೆ ಹೋಗೋಳು. ಸ್ವೆಟರ್ ವಾಪಸ್ ಕೊಡ್ಬೇಕು ಅಂತ ನನಗೆ ಹೊಳೀಲೇ ಇಲ್ಲ ಅಂತ ಹೇಳೋಕೆ ಆಸೆ. ಹೊಳೀತು. ಹಾಕ್ಕೊಂಡು ಹೊರಟೆ.

ಒಂದಿನ ಪೂಜೆ ಮುಗಿಸ್ಕೊಂಡು ಸೀದಾ ಗ್ಯಾರೇಜ್‌ಗೇ ಬಂದ್ಲು, ಡಬ್ಬಿ ತುಂಬ ಬಿಸಿ ಹುಗ್ಗಿ. ಸೆರಗು ಹೊದ್ದಿದ್ಲು, ತುಟಿ ಅದುರ್ತಿತ್ತು, ಕೈಲಿದ್ದ ಡಬ್ಬಿ ಮುಚ್ಚಳ ಟಕಟಕ ಅಂತಿತ್ತು. ವೆಲ್ಡರ್ ಎದ್ದು ನಿಂತ.

"ಅಯ್ಯೋ ಅಕ್ಕಾ, ಹಿಂಗೆ ನಡುಗ್ತಿದೀರಲ್ಲ! ಒಂದು ಸ್ವೆಟರ್ ಹಾಕ್ಕೊಂಡು ಬರ್ಬಾರ್ದಾ?"

ಅವಳು ನನ್ನ ಕಡೆ ನೋಡಿದ್ಲು. ಸ್ಕೂಟರ್ ತಂದಿದ್ದ ಇಬ್ರೂ ನನ್ನ ಕಡೆ ನೋಡಿದ್ರು. ಬಾಯಿ ಸುಮ್ನಿರ್ಬೇಕಲ್ಲ ನಂದು!

"ಸ್ವೆಟರ್ ಹಾಕಿದ್ರೆ ಸೀರೆ ಯಾರಿಗ್ ಕಾಣುತ್ತೆ ಗುರು? ಶೋಕಿ ಇವಳಿಗೆ. ದೇವ್ರಿಗೂ ತೋರಿಸ್ಬೇಕಲ್ಲ!"

ಉಟ್ಟಿದ್ದು ಬಣ್ಣ ಹೋದ ವಾಯಿಲ್ ಸೀರೆ. ಆದ್ರೂ ಎಲ್ರೂ ಗೊಳ್ಳಂತ ನಕ್ರು. ಅವಳೂ ನಕ್ಲು. ಹತ್ರ ಬಂದು, ನನ್ನ ಕಾಲರ್ ಪಕ್ಕ ಇಣುಕ್ತಿದ್ದ ಮೆರೂನ್ ಅಂಚನ್ನ ಬೆರಳಲ್ಲಿ ಒಳಗೆ ತಳ್ಳಿ, ಮೇಲಿನ ಗುಂಡಿ ಹಾಕಿದ್ಲು. ಕುತ್ತಿಗೆಗೆ ತಗುಲಿದ ಬೆರಳು ಐಸ್ ಥರ ಇತ್ತು. "ಬಿಸಿ ಇರೋವಾಗ್ಲೇ ತಿನ್ರಿ" ಅಂತ ಡಬ್ಬಿ ಇಟ್ಟು ಹೊರಟೋದ್ಲು.

"ಮೆಣಸು ಚೆನ್ನಾಗಿ ಬಿದ್ದಿದೆ" ಅಂತ ವೆಲ್ಡರ್ ಎರಡನೇ ಸಲ ಹಾಕಿಸ್ಕೊಂಡ. ನಾನು ಮುಟ್ಲಿಲ್ಲ, ನನ್ನ ಪಾಲನ್ನೂ ಅವನ ಕಡೆಗೇ ತಳ್ಳಿದೆ. ಮೈ ಮಾತ್ರ ಬೆಚ್ಚಗಿತ್ತು. ಅದೇ ತಡ್ಕೊಳೋಕೆ ಆಗ್ಲಿಲ್ಲ.

ಇದ್ರಲ್ಲಿ ನಾನು ಸೇರಿಸಿದ್ದು ಒಂದೇ ಒಂದು. ಅವಳೂ ನಕ್ಲು ಅಂದ್ನಲ್ಲ, ಅದು. ಅವಳು ನಗ್ಲಿಲ್ಲ.