ರೆಕ್ಕೆಯೊಳಗೆ ಇಟ್ಟ ರೊಟ್ಟಿ

ಹೆಬ್ಬೆರಳು ತೋರಿಸಿ ಓಡಿಹೋಗುವವರೇ, ಸ್ವಲ್ಪ ನಿಲ್ಲಿ! ಹೋದ ವಾರ ಹಳೆ ಸೀರೆ ಸೇರಿಸಿ ಹೊಲಿದ ಕೌದಿಯ ಫೋಟೋ ಹಾಕಿದರೆ ಎಲ್ಲರೂ "ಸೂಪರ್ ಅಜ್ಜಿ" ಅಂದಿರಿ. ಕೆಳಗೆ ಬರೆದದ್ದನ್ನು ಒಬ್ಬರೂ ಓದಲಿಲ್ಲ.

ನಾಲ್ಕನೇ ಇಯತ್ತೆ ಕಲಿತ ನಾನು ಒಂದೊಂದೇ ಅಕ್ಷರ ಒತ್ತಿ ಬರೆಯುತ್ತೇನೆ. ಕಾಲೇಜು ಕಲಿತ ನಿಮಗೆ ಓದಲು ಏನು ಧಾಡಿ?

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆಯವರು ರಾಣೆಬೆನ್ನೂರಿನಲ್ಲಿ ಬಡಿಗರು. ಚಕ್ಕಡಿ ಗಾಡಿ, ಬಾಗಿಲು, ತೊಟ್ಟಿಲು ಮಾಡುತ್ತಿದ್ದರು.

ಬ್ಯಾಡಗಿ ಕಡೆ ತೋಟ ಮಾಡಿಕೊಂಡಿದ್ದ ರಿಟೈರ್ಡ್ ಪೈಲಟ್ ಸಾಹೇಬರೊಬ್ಬರು ಒಂದು ದಿನ ಹಳೆಯ ಕಟ್ಟಿಗೆಯ ವಿಮಾನವನ್ನು ಲಾರಿಯಲ್ಲಿ ತಂದು ನಮ್ಮ ಶೆಡ್ಡಿನ ಮುಂದೆ ಇಳಿಸಿದರು. ಎರಡೇ ಸೀಟು. ಗೆದ್ದಲು ತಿಂದು ಎಲುಬು ಕಾಣುತ್ತಿತ್ತು.

"ಹಾರೋಹಂಗ ಮಾಡು ಬಡಿಗೇರ. ಮೊದಲನೇ ಸಲ ಹಿಂದಿನ ಸೀಟಿನ್ಯಾಗ ನೀನ ಕುಂದ್ರಬೇಕು."

ಆ ಒಂದು ಮಾತಿಗೆ ನಮ್ಮವರು ಎರಡು ವರ್ಷ ದುಡಿದರು. ತೆಳ್ಳನೆಯ ಪಟ್ಟಿ ಕೆತ್ತಿ, ಬಾಗಿಸಿ, ಅಂಟಿಸಿ...

"ಮ್ಯಾಲಿಂದ ನಮ್ಮ ಮನಿ ಕಾಣತದೇನ?" ಅಂತ ಊಟಕ್ಕೆ ಕೂತಾಗ ಕೇಳುವರು.

"ಕಾಣತದ. ಒಡದ ಹಂಚೂ ಕಾಣತಾವ. ಮೊದಲ ಅವನ್ನ ಹೊಚ್ಚರಿ," ಅನ್ನುತ್ತಿದ್ದೆ.

ರೆಕ್ಕೆಗೆ ಬಟ್ಟೆ ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಕೌದಿ ಹೊಲಿದ ಕೈ ನನ್ನದು. ಸಾಹೇಬರೇ ಮೆಚ್ಚಿದರು.

ನಮ್ಮ ಮನೆಯಲ್ಲಿ ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದೆವು. ಹೊದ್ದವರು ಹಸಿದಿರಬಾರದು ಅಂತ. ಎಡ ರೆಕ್ಕೆಯ ತುದಿಯಲ್ಲೂ ಒಂದು ಚೂರು ಇಟ್ಟೆ... ಹಾರುವವರೂ ಹಸಿದಿರಬಾರದಲ್ಲ. ಯಾರಿಗೂ ಹೇಳಲಿಲ್ಲ.

ಬಣ್ಣ ಬಳಿದ ಮೇಲೆ ರೆಕ್ಕೆ ಡೊಳ್ಳಿನಂತೆ ಬಿಗಿಯಾಯಿತು. ಮಳೆಗಾಲ ಮುಗಿಯಲಿ ಅಂತ ಶೆಡ್ಡಿನಲ್ಲೇ ಇಟ್ಟರು.

ದಸರಾ ಮುಂದೆ ಸಾಹೇಬರು ಬರುತ್ತಾರೆ. ಎಡ ರೆಕ್ಕೆ ತಟ್ಟುತ್ತಾರೆ. ಒಳಗೆ ಏನೋ ಸರಸರ ಓಡುತ್ತದೆ...

ಕೊಯ್ದು ನೋಡಿದರೆ ಇಲಿಗೂಡು. ಕೆತ್ತಿದ ಪಟ್ಟಿಗಳನ್ನೆಲ್ಲ ಕಡಿದು ಹಾಕಿವೆ. ನನ್ನ ಹೊಲಿಗೆಗೆ ರೊಟ್ಟಿಯ ಅಂಚೊಂದು ಸಿಕ್ಕಿಕೊಂಡಿದೆ.

"ಯಾರು ಇಟ್ರು ಇದನ್ನ?"

ನನ್ನ ನಾಲಿಗೆ ಎಂಥದ್ದು ಅಂತ ಓಣಿಗೆಲ್ಲ ಗೊತ್ತು. ಅಂದು ಅದು ಏಳಲಿಲ್ಲ.

ನಮ್ಮವರು ನನ್ನನ್ನು ಒಮ್ಮೆ ನೋಡಿದರು. "ನಾನ ರೀ ಸಾಹೇಬ್ರ. ಕೆಲಸ ಮಾಡ್ತಾ ತಿನ್ನಾಕತ್ತಿದ್ದೆ, ಮರತ ಒಳಗ ಬಿಟ್ಟೆ."

"ಇದು ಚಕ್ಕಡಿ ಅಲ್ಲೋ, ಜೀವದ ಮಾತು! ಇನ್ನ ನಿನ್ನ ಕೈ ಇದಕ್ಕ ಹತ್ತೂದು ಬ್ಯಾಡ."

ಮರುದಿನ ಲಾರಿ ಬಂತು. ಬೇರೆ ಊರಿನಲ್ಲಿ ಬೇರೆಯವರು ರಿಪೇರಿ ಮಾಡಿದರಂತೆ, ಹಾರಿತಂತೆ. ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರೋ...

ಮನೆಯಲ್ಲಿ ಅವರು ಒಂದು ಮಾತೂ ಕೇಳಲಿಲ್ಲ. ಆದರೆ ಅಂದಿನಿಂದ ಶೆಡ್ಡಿಗೆ ಬುತ್ತಿ ಒಯ್ಯುವುದನ್ನು ಬಿಟ್ಟರು. ಉರಿಬಿಸಿಲಲ್ಲಿ ಮನೆಗೆ ನಡೆದು ಬಂದು ಉಂಡು ಹೋಗುವರು.

"ಬುತ್ತಿ ಕಟ್ಟಲೇನ್ರಿ?" ಅಂದರೆ, "ಬ್ಯಾಡ ಬಿಡ, ಅಲ್ಲಿ ಇಲಿ ಅದಾವ," ಅಷ್ಟೇ. ದುಡಿಯುವ ಕೈ ನಿಲ್ಲುವ ತನಕ ಹಾಗೇ ನಡೆದರು. ನಾನು ಬಡಿಸಿದೆ, ಬಾಯಿ ಬಿಡಲಿಲ್ಲ. ಈಗ ಅವರು ಇಲ್ಲ.

ರೊಟ್ಟಿ ಇಟ್ಟವಳು ನಾನು. ಬಡಿಗರದು ಏನೂ ತಪ್ಪಿರಲಿಲ್ಲ.

ಸಾಹೇಬರ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಓದಿದರೆ, ಇಷ್ಟನ್ನು ಸಾಹೇಬರಿಗೆ ಮುಟ್ಟಿಸಿ. ಮುಂದಿನ ತಿಂಗಳು ನಮ್ಮವರ ವರ್ಷದ ತಿಥಿ, ಎಡೆ ಇಡುತ್ತೇವೆ. ಸಾಹೇಬರಿಗೆ ಗೊತ್ತಾಯಿತು ಅಂತ ಎಡೆಯ ಮುಂದೆ ನಿಂತು ಹೇಳಬೇಕು ನಾನು.

ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ. ಹೆಬ್ಬೆರಳು ಬೇಡ, ಅಕ್ಷರ ಬರೆಯಿರಿ.